ಹೊಸ್ತಿಲು ದಾಟಿದರೆ ಬೇರೆ ಅಂಗಿ

ವಿಜಯಶ್ರೀ: ಚಾಚಾ, ವಿಡಿಯೋದಾಗ ಅಂಗಡಿ ಬಾಗಿಲಾ ತೆಗಿಯಾಗ ನಿಮ್ಮ ಮೈಮ್ಯಾಲ ನೀಲಿ ಅಂಗಿ ಅದ. ಒಳಗ ಕಾಲಿಟ್ಟಕೂಡ್ಲೆ ಬಿಳಿ ಅಂಗಿ! ಹೊಸ್ತಿಲ ಮ್ಯಾಲ ನಿಂತು ಬದಲಿ ಮಾಡಿದ್ರೇನು?

ಬುರಾನುದ್ದೀನ: ಹೊಸ್ತಿಲ ಮ್ಯಾಲ ಯಾಕ ಮಾಡ್ಲಿ ಬೇಟಿ? ನೀಲಿದು ಸೋಮವಾರದ್ದು, ಬಿಳಿದು ಮಂಗಳವಾರದ್ದು.

ವಿಜಯಶ್ರೀ: ನೋಡೋರಿಗಿ ಎರಡೂ ಒಂದ ಮುಂಜಾನಿ! ಬಾಗಿಲಾ ತೆಗ್ದು, ಒಳಗ ಬಂದು, ಅರಬಿ ಕತ್ತರಿಸಿ, ಮಷಿನ್ ಮ್ಯಾಲ ಕುಂತು ಹೊಲಿಯೋದು. ಎಲ್ಲಾ ಒಂದ ಸರ್ತಿಗೆ ನಡದಂಗ ಕಾಣಬೇಕು.

ಬುರಾನುದ್ದೀನ: ಒಂದ ಮುಂಜಾನ್ಯಾಗ ಇಷ್ಟೆಲ್ಲಾ ಕೆಲಸಾ ಮುಗಿಸೋ ಟೇಲರ್ ಅಫಜಲಪುರದಾಗ ಯಾರಿದ್ದಾರ ಹೇಳು? ನೋಡಿದೋರು ನಂಬಬೇಕಲ್ಲ.

ಈ ಮಾತನ್ನು ವಿಜಯಶ್ರೀ ಒಪ್ಪಲೇಬೇಕಾಯಿತು. ಬಸ್ ಸ್ಟ್ಯಾಂಡಿನ ಹಿಂದಿನ ಈ ಅಂಗಡಿಯಲ್ಲಿ ಅವಳದೇ ಕುರ್ತಾದ ಗಿಳಿಹಸಿರು ಬಟ್ಟೆ ಹೋದ ತಿಂಗಳಿನಿಂದ ಕಪಾಟಿನೊಳಗೆ ಸುಖವಾಗಿ ನಿದ್ದೆ ಮಾಡುತ್ತಿತ್ತು. ಅದು ಮಲಗಲಿ ಬಿಡಿ. ಈಗ ಅವಳ ತಲೆ ತಿನ್ನುತ್ತಿದ್ದದ್ದು ಕತ್ತರಿ ಟೇಬಲ್ಲಿನ ಮೇಲೆ ತೆರೆದಿಟ್ಟ ಲ್ಯಾಪ್‌ಟಾಪು. ಕಲಬುರಗಿಯ ಕಾಲೇಜಿನಲ್ಲಿ ಮಾಧ್ಯಮ ಓದುವ ಹುಡುಗಿ. ಮಾತೇ ಇಲ್ಲದ ಎರಡು ನಿಮಿಷದ ವಿಡಿಯೊ ಮಾಡಿ ತಾ ಎಂದಿದ್ದರು ಮೇಷ್ಟ್ರು. ತುಂಡು ತುಂಡಾಗಿ ಚಿತ್ರೀಕರಿಸಿದ್ದು ಜೋಡಿಸಿದಾಗ ಅಖಂಡವಾಗಿ ಕಾಣಬೇಕು, ಅಷ್ಟೇ. ಮೊದಲು ಮಾಡಿಕೊಂಡು ಹೋದದ್ದನ್ನು, ತುಂಡಿಗೆ ತುಂಡು ಕೂಡುತ್ತಿಲ್ಲ ಎಂದು ವಾಪಸು ಕೊಟ್ಟಿದ್ದರು. ಇದು ಎರಡನೆಯ ಮತ್ತು ಕೊನೆಯ ಅವಕಾಶ. ಇದೂ ಕೆಟ್ಟರೆ ಬರುವ ವರ್ಷ ಕಿರಿಯರ ಪಕ್ಕ ಕೂತು ಅದೇ ಪಾಠವನ್ನು ಮತ್ತೆ ಕೇಳಬೇಕು. ಸಂಜೆಯೊಳಗೆ ಒಪ್ಪಿಸಬೇಕು, ಅದಕ್ಕೆ ಮಧ್ಯಾಹ್ನದ ಬಸ್ಸು ಹಿಡಿಯಬೇಕು. ಈ ಮನುಷ್ಯ ನೋಡಿದರೆ ವಾರದ ಹೆಸರು ಹೇಳುತ್ತ ಕೂತಿದ್ದಾನೆ!

ವಿಜಯಶ್ರೀ: ಶುರು ಮಾಡೂಕಿಂತ ಮೊದ್ಲ ಎಲ್ಲಾ ಚಿತ್ರಾ ಬರದು ತೋರ್ಸಿದ್ನಿಲ್ರಿ? ಇಲ್ಲಿ ಹಿಂಗ ನಿಂದರ್ರಿ, ಅಲ್ಲಿ ಹಂಗ ಕುಂದರ್ರಿ ಅಂತ?

ಬುರಾನುದ್ದೀನ: ತೋರ್ಸಿದಿ. ನಿನ್ನ ಚಿತ್ರದಾಗಿನ ಮನಷಾ ಬರೇ ಕಡ್ಡಿ. ಮೈಮ್ಯಾಲ ಅಂಗೀನ ಇರ್ಲಿಲ್ಲ. ಟೇಲರ್ ಅಂತ ಬರೀತಿ, ಬೆತ್ತಲೆ ನಿಂದ್ರಸ್ತಿ. ನನಗ ಭಾಳ ಕೆಟ್ಟನಿಸ್ತು.

ವಿಜಯಶ್ರೀ: ಅದಕ್ಕ ದಿನಕ್ಕೊಂದು ಅಂಗಿ ಹಾಕ್ಕೊಂಡ್ರೇನು?

ಬುರಾನುದ್ದೀನ: ಮತ್ತ? ಎಲ್ಲಾ ಕಡಿ ಒಂದ ಅಂಗಿ ಮ್ಯಾಲ ಕಂಡ್ರ ಮಂದಿ ಏನಂತಾರ? ಟೇಲರ್‌ಗ ಇರೋದ ಒಂದ ಅಂಗಿ ಅಂತಾರ. ನನಗ ಇಜ್ಜತ್ ಅದನೋ ಇಲ್ಲೋ?

ಮೂಲೆಯಲ್ಲಿ ಕೂತು ಅಂಗಿಗೆ ಗುಂಡಿ ಹಚ್ಚುತ್ತಿದ್ದ ಅವನ ಹೆಂಡತಿ ಹಜರಾಬಿ ದಾರವನ್ನು ಹಲ್ಲಿನಿಂದ ಕಡಿದಳು. ಅವಳ ದೂರು ಬೇರೆಯೇ ಇತ್ತು.

ಹಜರಾಬಿ: ಅವರ ಅಂಗಿ ಹಾಳಾಗಿ ಹೋಗ್ಲಿ. ನನ್ನ ಮಾರಿ ಎಲ್ಲದ ಬೇ? ಬರೇ ಕೈ ಕಾಣ್ತಾವ, ಗುಂಡಿ ಕಾಣ್ತಾವ. ಇವು ಯಾರ ಕೈ ಅಂತ ನೋಡಿದೋರಿಗಿ ಹೆಂಗ ಗೊತ್ತಾಗಬೇಕು?

ವಿಜಯಶ್ರೀ: ಚಾಚಿ, ಅದು ಕ್ಲೋಸಪ್. ಕೈಯಷ್ಟ ಬರ್ತದ.

ಹಜರಾಬಿ: ಕೈ ಹೋದ ಕಡಿ ಮಾರಿ ಬರಲಾರದಂಗ ನಾ ಯಾವಾಗ ಇದ್ದೆ?

ವಿಜಯಶ್ರೀ: ಚಾಚಿ, ತಡೀರಿ ಒಂಚೂರು. ಅಂಗಿ ಅಷ್ಟ ಆಗಿದ್ರ ನಾ ಹೆಂಗರೆ ಮಾಡ್ತಿದ್ದೆ. ಗಡ್ಡ ನೋಡ್ರಿ ಇವರದು! ಬಾಗಿಲ ಹೊರಗ ಬೆಳ್ಳನ ಗಡ್ಡ, ಬಾಗಿಲ ಒಳಗ ಕೆಂಪನ ಗಡ್ಡ!

ಹಜರಾಬಿ: ಮೆಹಂದಿ ನಾನ ಹಚ್ಚೇನಿ. ಎಷ್ಟ ಚಂದ ರಂಗೇರ್ಯಾದ ನೋಡು. ವಿಡಿಯೋದಾಗ ಬರೋ ಮನಷಾ ಮಂಗ್ಯಾನಂಗ ಕಾಣಬೇಕೇನು?

ಬುರಾನುದ್ದೀನ: ಅಂದ್ರ ಸೋಮವಾರ ನಾ ಮಂಗ್ಯಾ ಕಂಡೇನೇನು?

ಹಜರಾಬಿ: ಸೋಮವಾರ ಅಷ್ಟ ಅಲ್ಲ ಬಿಡ್ರಿ.

ವಿಜಯಶ್ರೀಗೆ ನಗು ತಡೆಯಲಾಗಲಿಲ್ಲ. ನಕ್ಕದ್ದಕ್ಕೆ ತನ್ನ ಮೇಲೇ ಸಿಟ್ಟು ಬಂತು. ಹೊರಗೆ ಬಸ್ಸೊಂದು ಹಾರ್ನ್ ಹೊಡೆಯಿತು. ಅವಳು ಹಿಡಿಯಬೇಕಾದದ್ದಲ್ಲ, ಗಾಣಗಾಪುರದ್ದು. ಸರಿ, ಇದಕ್ಕೊಂದು ಸುಲಭದ ದಾರಿ ಇದ್ದೇ ಇದೆ ಎಂದು ಅವಳಿಗೆ ಹೊಳೆಯಿತು. ಒಳಗಿನ ಶಾಟುಗಳಲ್ಲೆಲ್ಲ ಬಿಳಿ ಅಂಗಿ, ಕೆಂಪು ಗಡ್ಡ. ಬಾಗಿಲು ತೆಗೆಯುವುದೊಂದನ್ನು ಮತ್ತೆ ಚಿತ್ರೀಕರಿಸಿದರೆ ಸಾಕು. ಅವಳು ಎದ್ದು ನಿಂತೇಬಿಟ್ಟಳು.

ವಿಜಯಶ್ರೀ: ಏನೂ ಫಿಕರ್ ಮಾಡಬ್ಯಾಡ್ರಿ. ಬಾಗಿಲ ಶಾಟ್ ಒಂದ ಈಗ ಮತ್ತ ತೆಗಿತೇನಿ. ಏಳ್ರಿ, ಆ ಬಿಳಿ ಅಂಗಿ ಹಾಕ್ಕೋರಿ.

ಬುರಾನುದ್ದೀನ ಕೆಮ್ಮಿದ. ಟೇಪನ್ನು ಕೊರಳಿಂದ ತೆಗೆದ, ಮತ್ತೆ ಕೊರಳಿಗೇ ಹಾಕಿಕೊಂಡ.

ಬುರಾನುದ್ದೀನ: ಬಿಳಿ ಅಂಗಿ ಇಲ್ಲ.

ವಿಜಯಶ್ರೀ: ಒಗಿಯಾಕ ಹಾಕೀರೇನು?

ಬುರಾನುದ್ದೀನ: ಊರಿಗಿ ಹೋಗ್ಯಾದ.

ವಿಜಯಶ್ರೀ: ಯಾವೂರಿಗಿ?

ಬುರಾನುದ್ದೀನ: ಕರಜಗಿಗಿ.

ವಿಜಯಶ್ರೀ: ಅಂಗಿ ಕರಜಗಿಗಿ ಯಾಕ ಹೋತು?

ಬುರಾನುದ್ದೀನ: ಹಣಮಂತ್ರಾಯನ ಜೋಡಿ ಹೋತು. ಅವಂದ ಅಲ್ಲೇನು ಅದು?

ಹಜರಾಬಿಯ ಕೈಯ ಸೂಜಿ ಅಲ್ಲೇ ನಿಂತಿತು.

ಹಜರಾಬಿ: ಏನ್ರೀ! ಗಿರಾಕಿ ಅಂಗಿ ಮೈಮ್ಯಾಲ ಹಾಕ್ಕೊಂಡಿದ್ರಾ? ಮತ್ತ ನೀಲಿದು?

ಬುರಾನುದ್ದೀನ: ಅದು ಮಹೇಶಕುಮಾರಂದು. ಇಸ್ತ್ರಿ ಹೊಡದು ಕೊಟ್ಟೇನಿ ಮತ್ತ. ಸುಕ್ಕು ಒಂದ ಇಲ್ಲ.

ಹಜರಾಬಿ: ನನಗ ಹೊಸಾ ಅಂಗಿ ಅಂತ ಹೇಳಿದ್ರಿ!

ಬುರಾನುದ್ದೀನ: ಹೊಸಾದ ಇದ್ವಲ್ಲ. ನಂದು ಅಂತ ಎಲ್ಲಿ ಹೇಳೇನಿ? ಮಂದೀದು ಹೊಲಿಯೂದ್ರಾಗ ನಂದು ಹೊಲ್ಕೊಳ್ಳಾಕ ಪುರಸೊತ್ತೆಲ್ಲದ?

ಅದೇನೋ ನಿಜವೇ. ಊರಿಗೆಲ್ಲ ಅಂಗಿ ಹೊಲಿಯುವ ಆ ಮನುಷ್ಯನ ಮೈಮೇಲೆ ಆ ಹೊತ್ತು ಇದ್ದ ಅಂಗಿಯ ಎರಡೂ ಮೊಣಕೈ ಹರಿದಿದ್ದವು. ಹಜರಾಬಿಗೆ ಮಾತ್ರ ಕನಿಕರ ಬರಲಿಲ್ಲ.

ಹಜರಾಬಿ: ಥೂ, ಗಿರಾಕಿ ನಂಬಿ ಕೊಟ್ಟದ್ದು ಮೈಗೆ ಹಾಕ್ಕೊಳ್ಳೋದಂದ್ರ! ನಾನಾಗಿದ್ರ ಸತ್ರೂ ಹಾಕ್ಕೊಳ್ತಿದ್ದಿಲ್ಲ.

ಅಷ್ಟರಲ್ಲಿ ಬಾಗಿಲಿಗೆ ನೆರಳು ಬಿತ್ತು. ಕರಜಗಿಯ ಕಬ್ಬಿನ ಹೊಲದ ಧಣಿ ಹಣಮಂತ್ರಾಯ ಸ್ವತಃ ನಿಂತಿದ್ದ, ಕೈಯಲ್ಲಿ ಅದೇ ಬಿಳಿ ಅಂಗಿಯನ್ನು ಮೊಲದ ಕಿವಿ ಹಿಡಿದಂತೆ ಹಿಡಿದುಕೊಂಡು.

ಹಣಮಂತ್ರಾಯ: ಏನ್ ಬುರಾನಭಾಯಿ ಇದು? ಕೊರಳ ಪಟ್ಟಿ ಮ್ಯಾಲ ಕೆಂಪನ ಕಲಿ! ನಾಳಿ ಬೀಗರ ಮನಿಗಿ ಹೋಗೋದದ!

ಬುರಾನುದ್ದೀನ: ಅದು ಡಿಜೈನ್.

ಹಣಮಂತ್ರಾಯ: ಒಂದ ಕಡಿ ಅಷ್ಟ?

ಬುರಾನುದ್ದೀನ: ಎರಡೂ ಕಡಿ ಇದ್ರ ಎಲ್ಲಾರದರಂಗ ಆಗ್ತದಲ್ರಿ.

ಹಣಮಂತ್ರಾಯ: ಡಿಜೈನಿಗಿ ಮೆಹಂದಿ ವಾಸನಿ ಬರ್ತದೇನೋ?

ಅವನು ಕೊರಳ ಪಟ್ಟಿಯನ್ನು ಮೂಸಿದ. ಬುರಾನುದ್ದೀನನ ಗಡ್ಡವನ್ನು ನೋಡಿದ. ಲ್ಯಾಪ್‌ಟಾಪಿನತ್ತ ಅವನ ಕಣ್ಣು ಹೊರಳುವುದನ್ನು ಕಂಡು ವಿಜಯಶ್ರೀ ಅದನ್ನು ಮುಚ್ಚಲು ಹಾರಿದಳು. ಗಡಿಬಿಡಿಯಲ್ಲಿ ಬೆರಳು ಬೇರೆಲ್ಲೋ ತಾಗಿ ವಿಡಿಯೊ ಓಡತೊಡಗಿತು. ಪರದೆಯ ತುಂಬ ಬಿಳಿ ಕೊರಳ ಪಟ್ಟಿ, ಅದರ ಮೇಲೆ ಮೆಲ್ಲಗೆ ಬಾಗಿ ಒರೆಸಿಕೊಳ್ಳುವ ಹಸಿ ಮೆಹಂದಿಯ ಗಡ್ಡ. ಇಡೀ ವರ್ಷದಲ್ಲಿ ಅವಳು ತೆಗೆದ ಅತ್ಯುತ್ತಮ ಶಾಟು ಅದು, ಕರ್ಮ!

ಹಣಮಂತ್ರಾಯ: ಏ! ಅದು ನನ್ನಂಗಿ!

ಹಣಮಂತ್ರಾಯ ಸೊಂಟದ ಮೇಲೆ ಕೈಯಿಟ್ಟುಕೊಂಡು ಪೂರ್ತಿ ನೋಡಿದ. ಮುಗಿದ ಮೇಲೆ ಮತ್ತೊಮ್ಮೆ ಹಾಕು ಎಂದ. ಎರಡನೆಯ ಸಲ ನೋಡುವಾಗ ಅವನ ಮುಖ ಕೆಂಪಾಯಿತು.

ಹಣಮಂತ್ರಾಯ: ಆ ನೀಲಿದು ಮಹೇಶಕುಮಾರಂದಲ್ಲ?

ವಿಜಯಶ್ರೀ: ಹೌದ್ರಿ. ತಪ್ಪಾಗ್ಯಾದ್ರಿ ಕಾಕಾ...

ಹಣಮಂತ್ರಾಯ: ತಪ್ಪ ಅಲ್ದ ಮತ್ತೇನು? ಅವನ ಅಂಗಿ ಮೊದ್ಲ ಬರ್ತದ, ಸಾವಕಾಶ ಬಾಗಿಲಾ ತೆಗಿತದ. ನಂದು ಹಿಂದಿಂದ ಬಂದು, ಕಲಿ ಹಚ್ಚಿಸ್ಕೊಂಡು ಹೋಗ್ತದ! ಊರಾಗ ಅವನ ಹೊಲಕ್ಕಿಂತ ನನ್ನ ಹೊಲಾ ಮೊದ್ಲ ಅದ. ಇಲ್ಲಿ ಯಾಕ ಹಿಂದ ಹಾಕಿದಿ?

ಬುರಾನುದ್ದೀನ: ಅಂಗಿ ಹಾಕ್ಕೊಂಡಿದ್ದಕ್ಕ ಸಿಟ್ಟಿಲ್ಲೇನು?

ಹಣಮಂತ್ರಾಯ: ಹಾಕ್ಕೊಂಡದ್ದು ಆತು. ನನ್ನಂಗಿಗಿ ಇನ್ನೊಂದು ಸೀನ್ ಬೇಕು.

ವಿಜಯಶ್ರೀ ಹಣಮಂತ್ರಾಯನನ್ನು ನೋಡಿದಳು, ಅವನ ಕೈಯಲ್ಲಿದ್ದ ಅಂಗಿಯನ್ನು ನೋಡಿದಳು, ಮತ್ತೆ ಪರದೆಯನ್ನು ನೋಡಿದಳು. ಅರೆ! ಅಂಗಿ ಯಾಕೆ ಬದಲಾಯಿತು ಎಂದು ಹೇಳದೆ ಬಿಟ್ಟರೆ ತಾನೇ ಅದು ತಪ್ಪು? ಹೇಳಿಬಿಟ್ಟರೆ ಅದೇ ಕಥೆ. ಗೂಟದಲ್ಲಿ ತೂಗುವ ಗಿರಾಕಿಗಳ ಅಂಗಿಗಳತ್ತ ಟೇಲರನ ಕೈ ಚಾಚಬೇಕು, ಹೆಂಡತಿಯ ಕೈ ಗಡ್ಡಕ್ಕೆ ಮೆಹಂದಿ ಹಚ್ಚಬೇಕು, ಕೊನೆಗೆ ಕಲೆ ಬಿದ್ದ ಅಂಗಿಯ ಧಣಿ ಸಿಟ್ಟಿನಿಂದ ನುಗ್ಗಬೇಕು. ನೀಲಿಯೂ ಇರಲಿ, ಬಿಳಿಯೂ ಇರಲಿ, ಕೆಂಪು ಗಡ್ಡವಂತೂ ಇರಲೇಬೇಕು! ಸಂತೋಷಕ್ಕೆ ಅವಳು ಅಲ್ಲಿದ್ದ ಬಟ್ಟೆಯ ತುಂಡುಗಳನ್ನು ಬಾಚಿ ಮೇಲಕ್ಕೆ ತೂರಿದಳು.

ಕೈಗಳ ಶಾಟುಗಳು ಚಕಚಕನೆ ಮುಗಿದವು. ಹಜರಾಬಿ ಮಾತ್ರ ಮೆಹಂದಿಯ ಬಟ್ಟಲು ಹಿಡಿದು, ಮತ್ತೆ ಬರೇ ಕೈಯೇ ಎಂದು ಗೊಣಗಿದಳು. ತೊಡಕು ಬಂದದ್ದು ಹಣಮಂತ್ರಾಯನದು.

ವಿಜಯಶ್ರೀ: ಕಾಕಾ, ಸಿಟ್ಟಿಲೆ ಒಳಗ ಬರ್ರಿ. ಹಲ್ಲು ಕಿಸೀಬ್ಯಾಡ್ರಿ.

ಹಣಮಂತ್ರಾಯ: ಎಲ್ಲಿ ಕಿಸದೇನಿ? ನನ್ನ ಮಾರೀನ ಹಂಗದ.

ವಿಜಯಶ್ರೀ: ಆಗಳೆ ಬಂದಂಗ ಬರ್ರಿ. ತಲಿ ಬಾಚೋದು ಬಿಟ್ಟು ಆ ಬಾಚಣಿಕಿ ಕಿಸೇದಾಗ ಇಡ್ರಿ.

ಹಣಮಂತ್ರಾಯ: ಬೈದದ್ದು ಕೇಳ್ತದೇನು?

ವಿಜಯಶ್ರೀ: ಇಲ್ರಿ, ಇದ್ರಾಗ ಮಾತಿಲ್ಲ.

ಹಣಮಂತ್ರಾಯ: ಯಾರಿಗೂ ಕೇಳಲಾರದ್ದು ಯಾಕ ಬೈಲಿ?

ಬಾಗಿಲಿಂದ ಬಂದಷ್ಟು ಸಲವೂ ಅವನು ಮದುವೆಗೆ ಬಂದವನ ಹಾಗೆ ಕೈಮುಗಿಯುತ್ತ ಬಂದ. ಹೊತ್ತು ಏರುತ್ತಿತ್ತು. ವಿಜಯಶ್ರೀಗೆ ಅಳುವೇ ಬಂತು. ಆಗ ಹಜರಾಬಿ ಸೂಜಿಯಿಂದ ಕಣ್ಣೆತ್ತದೆ ತಣ್ಣಗೆ ಹೇಳಿದಳು.

ಹಜರಾಬಿ: ಬಿಡು ವಿಜಿ, ಇವರ ಕೈಲೆ ಆಗಂಗಿಲ್ಲ. ಮಹೇಶಕುಮಾರಗ ಫೋನ್ ಹಚ್ಚು. ಅರಬೀನೂ ಅವಂದ ಚಂದ ಇತ್ತು.

ಹಣಮಂತ್ರಾಯ: ಯಾರ್ದು ಚಂದ? ಯಾರ್ದು!

ಅವನು ಅಂಗಿ ಝಾಡಿಸುತ್ತ ಒಳಗೆ ನುಗ್ಗಿದ ರಭಸಕ್ಕೆ ಬುರಾನುದ್ದೀನ ನಿಜವಾಗಿಯೂ ಹೆದರಿ ಪರದೆ ಬಟ್ಟೆಯ ಹಿಂದೆ ಓಡಿದ. ಓಡಿದ್ದೂ ಕ್ಯಾಮೆರಾದಲ್ಲಿ ಬಂತು. ವಿಜಯಶ್ರೀ "ಕಟ್!" ಎಂದು ಕಿರುಚಿದಳು. ಗಾಬರಿಯಲ್ಲಿದ್ದ ಬುರಾನುದ್ದೀನ ಕತ್ತರಿ ಕೈಗೆತ್ತಿಕೊಂಡು, ಏನನ್ನು ಕಟ್ ಮಾಡಲಿ ಎಂದು ಕೇಳಿದ. ಆಮೇಲೆ ಅದೇ ಕತ್ತರಿಯಿಂದ ಹಣಮಂತ್ರಾಯನ ಅಂಗಿಯ ಕೊರಳ ಪಟ್ಟಿ ಬಿಚ್ಚಿ, ಕಲೆ ಒಳಗೆ ಹೋಗುವಂತೆ ತಿರುವಿ ಹೊಲಿದುಕೊಟ್ಟ. ಅವನು ಹೊಲಿಯುವಷ್ಟರಲ್ಲಿ ವಿಜಯಶ್ರೀ ಪಕ್ಕದಲ್ಲೇ ಕೂತು ತನ್ನ ತುಂಡುಗಳನ್ನು ಜೋಡಿಸಿದಳು. ಬಸ್ಸಿಗೆ ಓಡುವಾಗ ಅವಳ ಒಂದು ಚಪ್ಪಲಿ ಅಂಗಡಿಯಲ್ಲೇ ಉಳಿಯಿತು.

ಮರುವಾರ ಚಪ್ಪಲಿಗೆಂದು ಬಂದವಳು ಪೇಢೆಯ ಪೊಟ್ಟಣವನ್ನೂ ತಂದಿದ್ದಳು. ಬುರಾನುದ್ದೀನನ ಮೈಮೇಲೆ ಗರಿಗರಿ ಹೊಸ ಅಂಗಿ ಇತ್ತು.

ವಿಜಯಶ್ರೀ: ಚಾಚಾ, ಪಾಸಾದೆ! ತುಂಡಿಗೆ ತುಂಡು ಹೊಲದಂಗ ಕೂಡ್ಯಾದ ಅಂದ್ರು ಸರ್! ಆ ಸಿಟ್ಟಿನ ಮನಷಾ ಯಾವ ನಾಟಕ ಕಂಪನಿಯವ ಅಂತ ಕೇಳಿದ್ರು!

ಬುರಾನುದ್ದೀನ: ಶಾಬಾಸ್ ಬೇಟಿ! ನನಗ ಗೊತ್ತಿತ್ತು.

ವಿಜಯಶ್ರೀ: ಈ ಅಂಗಿ ಯಾರ್ದು?

ಬುರಾನುದ್ದೀನ: ನಂದ! ಖರೇನ ನಂದ. ನಿನ್ನಿ ರಾತ್ರಿ ಹೊಲ್ಕೊಂಡೇನಿ. ನಿನ್ನ ಕುರ್ತಾನೂ ತಯಾರದ.

ವಿಜಯಶ್ರೀ: ಹೌದಾ? ಎಲ್ಲದ? ಕೊಡ್ರಿ ಮತ್ತ!

ಬುರಾನುದ್ದೀನ ಕೆಮ್ಮಿದ. ಟೇಪನ್ನು ಕೊರಳಿಂದ ತೆಗೆದ, ಮತ್ತೆ ಕೊರಳಿಗೇ ಹಾಕಿಕೊಂಡ. ಈ ಕೆಮ್ಮು ವಿಜಯಶ್ರೀಗೆ ಪರಿಚಯದ್ದು. ಅಷ್ಟರಲ್ಲಿ ಒಳಗಿನ ಪರದೆ ಬಟ್ಟೆ ಸರಿಯಿತು. ಕಣ್ಣಿಗೆ ಕಾಡಿಗೆ ತೀಡಿ, ಗಿಳಿಹಸಿರು ಕುರ್ತಾ ತೊಟ್ಟು, ಹಜರಾಬಿ ಹೊರಗೆ ಬಂದು ಬೆಳಕು ಚೆನ್ನಾಗಿ ಬೀಳುವ ಕಡೆ ನಿಂತಳು.

ಹಜರಾಬಿ: ಬಂದಿ? ಕ್ಯಾಮೆರಾ ತಂದಿಯಿಲ್ಲೋ? ಈ ಸಲ ಮಾರಿ ತೆಗಿ. ಮತ್ತ ಬರೇ ಕೈ ತೆಗದ್ರ ಕುರ್ತಾ ಬಿಚ್ಚಿ ಕೊಡಂಗಿಲ್ಲ ನೋಡು!