ಮೊಣಕೈಯೂ ಗಾಜಿನ ಬೀರುವೂ

ಅಂಚೆ ಗುಮಾಸ್ತರಿಗೆ ಊರೆಲ್ಲ ಮರ್ಯಾದೆ ಕೊಡುತ್ತಿತ್ತು, ಭಾವಮೈದುನನೊಬ್ಬನನ್ನು ಬಿಟ್ಟು. ಆ ಮಹಾಶಯ ಊಟಕ್ಕೆ ಬಂದಾಗಲೆಲ್ಲ ಚಮಚ ಹಿಡಿದು ಎದ್ದು, ಗುಮಾಸ್ತರ ಟೇಬಲ್ ಟೆನಿಸ್ ಆಟವನ್ನು ಅಭಿನಯಿಸುತ್ತಿದ್ದ.

"ಭಾವ ಚೆಂಡು ಹೊಡೆಯಲ್ಲ. ಮುದ್ರೆ ಒತ್ತಿ ನೆಟ್‌ಗೆ ಪೋಸ್ಟ್ ಮಾಡ್ತಾರೆ."

ಮಾತು ಸುಳ್ಳಾಗಿದ್ದರೆ ಇಷ್ಟು ಉರಿಯುತ್ತಿರಲಿಲ್ಲ. ವರ್ಷಗಟ್ಟಲೆ ಕಾಗದಗಳಿಗೆ ಮುದ್ರೆ ಗುದ್ದಿದ ಕೈ, ಫೋರ್‌ಹ್ಯಾಂಡ್ ಹೊಡೆಯುವಾಗಲೂ ಮೊಣಕೈಯನ್ನು ರೆಕ್ಕೆಯಂತೆ ಅಗಲಿಸಿ ಮೇಲಿಂದ ದಬ್ಬೆಂದು ಬೀಳುತ್ತಿತ್ತು. ಈಗ ಕ್ಲಬ್ಬಿನ ಫೈನಲ್‌ನಲ್ಲಿ ಎದುರಾಳಿ ಅದೇ ಭಾವಮೈದುನ. (ಗುಮಾಸ್ತರು ಫೈನಲ್‌ಗೆ ಹೇಗೆ ಬಂದರು ಎಂದು ಕೇಳಬೇಡಿ, ಒಬ್ಬ ಎದುರಾಳಿಗೆ ಸೊಂಟನೋವು, ಇನ್ನೊಬ್ಬ ಬರಲೇ ಇಲ್ಲ.) ಸೋತರೆ ಆಯುಷ್ಯಪೂರ್ತಿ ತಲೆಯೆತ್ತಿ ಉಣ್ಣುವಂತಿರಲಿಲ್ಲ.

ಊಟದ ಮೇಜೇ ಗರಡಿಮನೆಯಾಯಿತು. ಬಲಕ್ಕೆ ಗೇಣು ದೂರದಲ್ಲಿ ಹೆಂಡತಿಯ ಗಾಜಿನ ಬೀರು, ಅದರೊಳಗೆ ಮನೆಯ ಅಷ್ಟೂ ಲೋಟಗಳು.

"ಸೊಂಟ ತಿರುಗಬೇಕು, ಬ್ಯಾಟು ಕೆಳಗಿಂದ ಹಣೆಯ ಕಡೆಗೆ ಬರಬೇಕು," ಎಂದು ಗುಮಾಸ್ತರು ತಮಗೆ ತಾವೇ ಉಪದೇಶ ಮಾಡಿಕೊಂಡರು.

"ಅದೆಲ್ಲ ನಂಗೊತ್ತಿಲ್ಲ ರೀ. ಮೊಣಕೈ ಬೀರುಗೆ ತಾಗಿದ್ರೆ ಮಾತ್ರ ಸುಮ್ನೆ ಬಿಡಲ್ಲ," ಎಂದಳು ಹೆಂಡತಿ, ಎದುರಿನಿಂದ ಚೆಂಡು ಎಸೆಯುತ್ತಾ.

ಯಾವ ಗುರುವೂ ಕಲಿಸಲಾರದ್ದನ್ನು ಆ ಭಯ ಕಲಿಸಿತು. ಮೊಣಕೈ ಪಕ್ಕೆಯ ಹತ್ತಿರ ಬಂತು, ಸೊಂಟ ತಿರುಗಿತು, ನೆಟ್ ಅಂತ ಕಟ್ಟಿದ್ದ ಟವೆಲನ್ನು ಚೆಂಡು ಸಲೀಸಾಗಿ ದಾಟಿತು.

ಫೈನಲ್ ದಿನ ಕಲಿತದ್ದೆಲ್ಲ ಕೈಕೊಟ್ಟಿತು. ಬಲಗಡೆ ಬರೀ ಬಯಲು. ಮೊಣಕೈ ಮತ್ತೆ ರೆಕ್ಕೆ ಬಿಚ್ಚಿತು. ಮೊದಲ ಗೇಮ್ ಹೋಯಿತು. ಭಾವಮೈದುನ ಗಾಳಿಯಲ್ಲಿ ಮುದ್ರೆ ಒತ್ತಿ ತೋರಿಸಿದ, ಜನ ನಕ್ಕರು. ಗುಮಾಸ್ತರಿಗೆ ಅಳುವೇ ಬಂತು.

ಹೆಂಡತಿಗೆ ತಮ್ಮನ ಮೇಲೆ ಸಿಟ್ಟು ಬಂತು. ಆಟಗಾರರಿಗೆಂದು ತಂದಿದ್ದ ಶರಬತ್ತಿನ ಗಾಜಿನ ಜಗ್ಗನ್ನು ಎತ್ತಿಕೊಂಡು ಸೀದಾ ಹೋಗಿ ಗಂಡನ ಬಲಕ್ಕೆ ನಿಂತಳು.

"ಅಕ್ಕಾ, ನೀನು ಯಾರ ಕಡೆ?"

"ನನ್ನ ಜಗ್ಗಿನ ಕಡೆ. ನೀನು ಆಡು."

ಮೊಣಕೈ ತಾನಾಗಿ ಒಳಗೆ ಬಂತು. ಉಳಿದ ಗೇಮ್‌ಗಳೂ ಗೆಲುವಿನ ಕಪ್ಪೂ ಗುಮಾಸ್ತರ ಪಾಲಾದವು.

ಅಂದು ಊಟಕ್ಕೆ ಭಾವಮೈದುನ ಬಾಲ ಮುದುರಿಕೊಂಡು ಬಂದ. "ಭಾವ, ಆ ಹೊಡೆತ ಇನ್ನೊಂದ್ಸಲ ತೋರಿಸಿ," ಎಂದ ವಿನಯದಿಂದ.

ಈ ಮಾತಿಗೆ ಎಷ್ಟು ವರ್ಷ ಕಾದಿದ್ದರೋ ಪಾಪ. ಗುಮಾಸ್ತರು ಮೇಜಿನ ಪಕ್ಕ ತಮ್ಮ ಮಾಮೂಲಿ ಜಾಗದಲ್ಲಿ ನಿಂತರು. ಹೆಂಡತಿ ಅಡುಗೆಮನೆಯಲ್ಲಿದ್ದಳು; ಭಯವೂ ಅಲ್ಲೇ ಉಳಿದಿತ್ತು. ಎದೆಯ ಜೊತೆ ಮೊಣಕೈಯೂ ಉಬ್ಬಿ ಹೊರಟಿತು. ಬೀರುವಿನ ಗಾಜೂ ಒಳಗಿನ ಲೋಟಗಳೂ ಒಟ್ಟಿಗೇ ನೆಲ ಕಂಡವು.

ಹೆಂಡತಿ ಬಂದು ನೋಡಿದಳು. ಗಂಡನ ಕೈಗೆ ಪೊರಕೆ ಕೊಟ್ಟಳು. ಲೋಟ ಒಂದೂ ಉಳಿದಿರಲಿಲ್ಲವಾದ್ದರಿಂದ ಗೆದ್ದ ಕಪ್ಪಿಗೇ ನೀರು ತುಂಬಿ ತಮ್ಮನ ಮುಂದಿಟ್ಟಳು.

ಅವನು ನಿಧಾನವಾಗಿ ಒಂದು ಗುಟುಕು ಕುಡಿದು, ಗುಡಿಸುತ್ತಿದ್ದ ಗುಮಾಸ್ತರ ಕಡೆ ನೋಡಿದ.

"ಭಾವ, ಮೊಣಕೈ ಸ್ವಲ್ಪ ಒಳಗಿಟ್ಕೊಳ್ಳಿ."