ಟಿವಿಯೊಳಗಿನ ಎತ್ತಿಗೂ ಸೋಮವಾರ ರಜೆ

ಒಬ್ಬನೇ ಇರುವವನ ಮನೆಯಲ್ಲಿ ಏನೂ ನಡೆಯುವುದಿಲ್ಲ ಎಂದು ಜನ ತಿಳಿದಿದ್ದಾರೆ. ಸುಳ್ಳು. ಏನಾದರೊಂದು ನಡೆಯುತ್ತಲೇ ಇರುತ್ತದೆ, ಹೇಳಿಕೊಳ್ಳಲು ಯಾರೂ ಇರುವುದಿಲ್ಲ ಅಷ್ಟೇ. ಅದಕ್ಕೇ ಬರೆಯುತ್ತಿದ್ದೇನೆ.

ನನ್ನದು ಅಣ್ಣಿಗೇರಿ ಹೊರಗಿನ ವಿದ್ಯುತ್ ಉಪಕೇಂದ್ರದಲ್ಲಿ ನೌಕರಿ. ಸ್ವಂತ ಊರು ಕಲಘಟಗಿ ಕಡೆಯ ಒಂದು ಹಳ್ಳಿ. ಮದುವೆಯಾಗಲಿಲ್ಲ. ಯಾಕೆ ಎಂದು ಕೇಳುತ್ತಿದ್ದವರೂ ಈಗ ಕೇಳುವುದು ಬಿಟ್ಟಿದ್ದಾರೆ. ಅಣ್ಣಿಗೇರಿಯವರಿಗೆ ನನ್ನ ನೆನಪಾಗುವುದು ಕರೆಂಟು ಹೋದಾಗ ಮಾತ್ರ. ಫೋನು ಹಚ್ಚಿ, "ಏನ್ರೀ, ಮಕ್ಕೊಂಡೀರೇನು?" ಎನ್ನುತ್ತಾರೆ. ಕರೆಂಟು ಬಂದಾಗ "ಬಂತ್ರಿ, ಚೊಲೋ ಆತು" ಎನ್ನಲು ಈವರೆಗೆ ಒಬ್ಬರೂ ಫೋನು ಮಾಡಿಲ್ಲ.

ಇಂಥ ನಾನು, ತಲೆ ಅರ್ಧ ಬೆಳ್ಳಗಾದ ಮೇಲೆ, ವಿಡಿಯೋ ಗೇಮಿನ ಹುಚ್ಚು ಹಚ್ಚಿಕೊಂಡೆ. ಟಿವಿಗೆ ಜೋಡಿಸುವ ಹಳೆಯ ಆಟದ ಪೆಟ್ಟಿಗೆಯೊಂದು ಹುಬ್ಬಳ್ಳಿಯಲ್ಲಿ ಸಿಕ್ಕಿತು. ಅದರೊಳಗೆ ಒಂದು ರಾಜ್ಯ, ಕಾಡು, ಮಂತ್ರ, ಕತ್ತಿ, ರಾಕ್ಷಸರು. ನಾವೊಂದು ವೇಷ ತೊಟ್ಟು, ಊರೂರು ಅಲೆದು, ಶಕ್ತಿ ಬೆಳೆಸಿಕೊಂಡು, ಕೊನೆಗೆ ಕಪ್ಪು ಕೋಟೆ ಹೊಕ್ಕು ದೊಡ್ಡ ರಾಕ್ಷಸನನ್ನು ಹೊಡೆಯಬೇಕು. ಹೇಗೆ ಆಡಬೇಕೆಂಬ ಉಪಾಯಗಳು ಇಂಟರ್‌ನೆಟ್ಟಿನಲ್ಲಿ ರಾಶಿ ರಾಶಿ ಬಿದ್ದಿವೆ. ಒಂದೂ ಬಿಡದೆ ಓದಿದೆ. ಅವೆಲ್ಲ ಅಣ್ಣಿಗೇರಿಗೆ ಬಂದ ಮೇಲೆ ಏನಾದವು ಅನ್ನುವುದು ಮಾತ್ರ ಅಲ್ಲಿ ಯಾರೂ ಬರೆದಿಲ್ಲ.

ಉಪಾಯ ೧: ಒಬ್ಬರೇ ಹೋಗಬೇಡಿ

ಎಲ್ಲರೂ ಮೊದಲು ಹೇಳುವ ಉಪಾಯ ಇದೇ. ಕಪ್ಪು ಕೋಟೆಯ ಬಾಗಿಲು ತೆರೆಯಬೇಕಾದರೆ ರಿಮೋಟು ಹಿಡಿದ ಮೂವರು ಬೇಕು, ನಿಜವಾದ ಮೂವರು. ಅದನ್ನು ಓದಿ ಟಿವಿಗೇ ಕೇಳಿದೆ: "ಯಾರನ್ನ ಕರೀಲಿ ಮಾರಾಯಾ?"

ಅಲ್ಲಿಯವರೆಗೆ ಕಂಪ್ಯೂಟರೇ ನಡೆಸುವ ಒಬ್ಬ ಬಾಡಿಗೆ ಸಿಪಾಯಿ ಸಿಗುತ್ತಾನೆ. ನಾನು ನಡೆದರೆ ನಡೆಯುತ್ತಾನೆ, ನಿಂತರೆ ನಿಲ್ಲುತ್ತಾನೆ. ಮಾತಿಲ್ಲ ಕತೆಯಿಲ್ಲ. ಆದರೂ ಬೆನ್ನ ಹಿಂದೆ ಯಾರೋ ಇದ್ದಾರೆ ಅನ್ನಿಸುತ್ತಿತ್ತು. ಕ್ರಮೇಣ ಅವನ ಜೊತೆ ಮಾತಾಡುವ ಚಟ ಹತ್ತಿತು. ಒಂದು ಸಂಜೆ ಕಾಡೆಲ್ಲ ಸುತ್ತಿ ಬಂದು, "ದಣದಿಯೇನಪಾ? ಕುಂದರು, ಚಾ ಕುಡಿಯೂಣು" ಎಂದೆ.

ಪಕ್ಕದ ಭಾಗದಲ್ಲೇ ಇರುವ ನನ್ನ ಬಾಡಿಗೆ ಮನೆಯ ಮಾಲಕಿ, ನಾವು ಅವ್ವಾರು ಅನ್ನುವ ಹಿರಿಯ ಹೆಂಗಸು, ಇದನ್ನು ಕೇಳಿಸಿಕೊಂಡಿದ್ದಾರೆ. ಮಗ ಕಾಳುಕಡಿಯ ಅಡತಿ ಅಂಗಡಿಗೆ, ಸೊಸೆ ಶಾಲೆಗೆ ಹೋದ ಮೇಲೆ ಸಂಜೆಯವರೆಗೆ ಆ ಮನೆಯಲ್ಲೂ ಗಡಿಯಾರದ್ದೊಂದೇ ಸದ್ದು. ಕರೆಂಟ್ ಸರ್, ಅಂದರೆ ನನ್ನ, ಮನೆಗೆ ಅಪರೂಪಕ್ಕೆ ನೆಂಟರು ಬಂದಿದ್ದಾರೆಂದು ತಿಳಿದು ಅವರು ಎರಡು ಕಪ್ಪು ಚಹಾ ಹಿಡಿದು ಬಂದೇಬಿಟ್ಟರು.

"ಎಲ್ಲಿ ಅದಾರ ತಮ್ಮಾ ನೆಂಟರು?"

ನಾಚಿಕೆಯಿಂದ ಟಿವಿ ತೋರಿಸಿದೆ. ಅವ್ವಾರು ಕನ್ನಡಕ ಸರಿಮಾಡಿಕೊಂಡು, ತಲೆಯಿಂದ ಕಾಲಿನ ತನಕ ಕಬ್ಬಿಣದ ಕವಚ ತೊಟ್ಟಿದ್ದ ಸಿಪಾಯಿಯನ್ನು ದಿಟ್ಟಿಸಿದರು.

"ಬಾಯಿಗೂ ತಗಡ ಬಡಕೊಂಡಾನಲ್ಲೋ. ಚಾ ಎಲ್ಲಿಂದ ಕುಡೀಬೇಕು ಇವಾ?" ಎಂದವರೇ ಜಮಖಾನದ ಮೇಲೆ ಕೂತು ಅವನ ಪಾಲಿನ ಚಹಾ ತಾವೇ ಕುಡಿದರು.

ಉಪಾಯ ೨: ರೊಟ್ಟಿ ಕೂಡಿಟ್ಟುಕೊಳ್ಳಿ

ಹೀಗೆ ಕೂತವರು ಮರುದಿನವೂ ಬಂದು ಕೂತರು. ಎರಡನೆಯ ರಿಮೋಟು ಕೈಗೆ ಕೊಟ್ಟೆ. ವೇಷ ಆರಿಸುವಾಗ ಅವರು ಕೇಳಿದ್ದು ಒಂದೇ ಪ್ರಶ್ನೆ: "ಇದರಾಗ ಕಡಿಯೂದು ಬಡಿಯೂದು ಇಲ್ಲದಾಕಿ ಯಾರು?" ಗಾಯ ಮಾಯಿಸುವ ವೈದ್ಯೆ ಇದ್ದಳು. ಅವ್ವಾರು ವೈದ್ಯೆಯಾದರು.

ಆ ಆಟದಲ್ಲಿ ರೊಟ್ಟಿ ತಿಂದರೆ ಹೋದ ಜೀವ ಮರಳುತ್ತದೆ. ಆದ್ದರಿಂದ ಸಿಕ್ಕ ರೊಟ್ಟಿಯನ್ನೆಲ್ಲ ಕಡೆಯ ಕಾಳಗಕ್ಕೆ ಕೂಡಿಡಬೇಕು, ಇದು ಬಲ್ಲವರ ಮಾತು. ಚೀಲ ಅವ್ವಾರ ಕೈಯಲ್ಲಿತ್ತು. ನಾನು ಕಾಡಿನಲ್ಲಿ ತೋಳಗಳ ಜೊತೆ ಬಡಿದಾಡಿ ಬರುವಷ್ಟರಲ್ಲಿ ಚೀಲ ಖಾಲಿ. ಊರ ಭಿಕ್ಷುಕರಿಗೆ, ಬಾವಿಕಟ್ಟೆಯ ಹುಡುಗಿಯರಿಗೆ, ಕೊನೆಗೆ ನಮ್ಮನ್ನು ದೋಚಲು ಬಂದ ಕಳ್ಳನಿಗೂ ಹಂಚಿಬಿಟ್ಟಿದ್ದರು.

"ಅವ್ವಾರ, ನಮಗ ಬೇಕಲ್ರಿ!"

"ಬಾಗಲಕ ಬಂದವರನ್ನ ಹಸದ ಕಳಸೂದು ನಮ್ಮ ಮನ್ಯಾಗ ಇಲ್ಲ ನೋಡು."

"ಅವರು ನಮ್ಮ ಬಾಗಲಕ ಬಂದಿಲ್ರಿ, ನಾವು ಅವರ ಬಾಗಲಕ ಹೋಗೇವಿ."

"ಹಂಗಾರ ಬರೇ ಕೈಲೆ ಹೋಗೂದು ಇನ್ನೂ ಕೆಟ್ಟ" ಎಂದು ನನ್ನ ಬಾಯಿ ಮುಚ್ಚಿಸಿದರು.

ಆಟದೊಳಗಿನ ಆ ಊರ ಅಗಸೆಬಾಗಿಲಲ್ಲಿ ಒಬ್ಬ ಮುದುಕ ನಿಂತಿರುತ್ತಾನೆ. ಯಾವಾಗ ಮಾತಾಡಿಸಿದರೂ "ಉತ್ತರದ ಕಾಡಿನಲ್ಲಿ ಅಪಾಯವಿದೆ, ಜೋಕೆ" ಎಂದಷ್ಟೇ ಇಂಗ್ಲಿಷಿನಲ್ಲಿ ಹೇಳುತ್ತಾನೆ. ಅವ್ವಾರು ಹೋಗುವಾಗ ಬರುವಾಗ ಅವನನ್ನು ತಪ್ಪದೆ ಮಾತಾಡಿಸುವರು, ನಾನು ತಪ್ಪದೆ ಅನುವಾದಿಸುವೆ. ನನಗೆ ಬೇಸರ ಬಂತು.

"ಅವ್ವಾರ, ಅಂವಾ ಹೇಳೂದು ಅದೊಂದ ಮಾತ್ರಿ. ಬಿಟ್ಟ ಬಿಡ್ರಿ."

"ಗೊತ್ತೈತಿ. ಬಾಯಿ ಬಿಟ್ಟು ಮಾತಾಡಾಕ ಮನ್ಯಾಗ ಯಾರೂ ಇಲ್ಲಂತ ಕಾಣತೈತಿ ಪಾಪ. ಅದಕ್ಕ ಹ್ವಾದವರಿಗೆಲ್ಲಾ ನೀ ಕರೆಂಟಿನ ಸುದ್ದಿ ಹೇಳಿದಂಗ ಹೇಳ್ತಾನ" ಎಂದು ನನ್ನ ಕಡೆ ನೋಡಿದರು. ನಾನು ಬೇಗ ಬೇಗ ಉತ್ತರದ ಕಾಡು ಹೊಕ್ಕೆ.

ಉಪಾಯ ೩: ವಾಹನ ನೋಡಿ ಆರಿಸಿ

ಮೂರನೆಯವರು ಜಗಳಕ್ಕೆಂದು ಬಂದವರು. ಎದುರು ಮನೆಯ ಕಾಕಾ. ಅವರ ಮಕ್ಕಳು ಟ್ರ್ಯಾಕ್ಟರ್ ತಂದ ಮೇಲೆ ಎತ್ತಿನ ಜೋಡಿ ಮಾರಿದ್ದರು. ಅಂದಿನಿಂದ ಕಾಕಾ ಬೆಳಗಾದರೆ ಖಾಲಿ ಗ್ವಾದ್ಲಿಯ ಮುಂದೆ ಕುರ್ಚಿ ಹಾಕಿಕೊಂಡು, ಮೇವು ತಿನ್ನುವವರಿಲ್ಲದ ಆ ಗ್ವಾದ್ಲಿಯನ್ನೇ ನೋಡುತ್ತ ಕೂಡುತ್ತಿದ್ದರು. ಹಾದುಹೋಗುವವರನ್ನೆಲ್ಲ ಬೈಯುವುದೊಂದೇ ಅವರಿಗೆ ಉಳಿದಿದ್ದ ಕೆಲಸ.

ಆ ದಿನ ಕರೆಂಟು ಹೋಗಿತ್ತು. ನನ್ನ ಪಾಳಿ ಮುಗಿದಿತ್ತು. ಕಾಕಾ ನೇರವಾಗಿ ಮನೆಗೇ ಬಂದು, "ನೀವು ಇಲ್ಲಿ ಆರಾಮ ಕುಂತರ ಅಲ್ಲಿ ಕರೆಂಟ್ ಯಾರ ಬಿಡಬೇಕು?" ಎಂದು ಶುರುಮಾಡಿದರು. ಅಷ್ಟರಲ್ಲಿ ಕರೆಂಟು ಬಂತು. ಟಿವಿ ಹೊತ್ತಿಕೊಂಡು ಆಟ ನಿಂತಲ್ಲಿಂದಲೇ ಶುರುವಾಯಿತು. ವಾಹನ ಆರಿಸುವ ಅಂಗಳದಲ್ಲಿ ಕುದುರೆ, ತೋಳ ಮತ್ತು ಒಂದು ಬಿಳಿ ಎತ್ತು ನಿಂತಿದ್ದವು.

ಕಾಕಾ ಬೈಗುಳ ಅರ್ಧಕ್ಕೇ ಬಿಟ್ಟರು. "ಎತ್ತು ಯಾರದ್ರಿ ಅದು?"

ಕುದುರೆಯೇ ಆರಿಸಬೇಕು, ಎತ್ತು ಬಹಳ ನಿಧಾನ ಎನ್ನುವುದು ಉಪಾಯ. ಹೇಳಿ ನೋಡಿದೆ. ಕಾಕಾ ಕಿವಿಗೆ ಹಾಕಿಕೊಳ್ಳಲಿಲ್ಲ. ಹಲ್ಲು ತೋರಿಸೆಂದರು, ಅದು ಬಾಯಿ ತೆರೆಯಲಿಲ್ಲ. ಎಡಕ್ಕೆ ತಿರುಗಿಸು, ಬಲಕ್ಕೆ ತಿರುಗಿಸು ಎಂದರು. ನೊಸಲು, ಬೆನ್ನು, ಬಾಲದ ಬುಡ, ಎಲ್ಲ ಕಡೆ ಕೂದಲಿನ ಸುಳಿ ಹುಡುಕಿದರು. ಸುಳಿ ನೋಡದೆ ಅವರು ಜನ್ಮದಲ್ಲಿ ಎತ್ತು ಕೊಂಡವರಲ್ಲ. ಅವ್ವಾರು ಎದ್ದುಹೋಗಿ ಪಲ್ಯಕ್ಕೆ ಒಗ್ಗರಣೆ ಹಾಕಿ ಬಂದರು, ತಪಾಸಣೆ ಇನ್ನೂ ನಡೆದಿತ್ತು.

ಕೊನೆಗೆ ಕಾಕಾ ಉಸಿರುಬಿಟ್ಟು ತೀರ್ಪು ಕೊಟ್ಟರು: "ಎತ್ತು ಅಗದಿ ಚೊಲೋ ಐತ್ರಿ. ಮಾಡಿದಾಂವಾ ಸುಳಿ ಇಡೂದ ಮರತಾನ. ಒಕ್ಕಲತನ ಗೊತ್ತಿಲ್ಲದಾಂವ ಕಾಣತೈತಿ."

ಅಂದಿನಿಂದ ಮೂರನೆಯ ರಿಮೋಟು ಅವರದು. ಆಟದಲ್ಲಿ ಹುಲ್ಲು ಕೊಯ್ದು ಎತ್ತಿಗೆ ತಿನ್ನಿಸಬಹುದು. ಲಾಭವೇನೂ ಇಲ್ಲ, ಎತ್ತು ಒಮ್ಮೆ ತಲೆ ಅಲ್ಲಾಡಿಸುತ್ತದೆ. ಅದಾಗದೆ ಕಾಕಾ ಮುಂದೆ ಒಂದು ಹೆಜ್ಜೆ ಇಡಲು ಬಿಡುತ್ತಿರಲಿಲ್ಲ.

ಉಪಾಯ ೪: ವಿಷದ ಕೆಸರಿನಲ್ಲಿ ಕೆಳಗಿಳಿಯಬೇಡಿ

ಕೋಟೆಯ ಹಾದಿಯಲ್ಲಿ ಒಂದು ವಿಷದ ಕೆಸರು ಇದೆ. ಕಾಲಿಟ್ಟರೆ ಜೀವ ಸೋರುತ್ತದೆ. ತಂಡಕ್ಕೊಂದೇ ಸಿಗುವ ವಾಹನದ ಮೇಲೆ ಮೂವರೂ ಕೂತು ದಾಟಿದರೆ ಕೂದಲೂ ಕೊಂಕುವುದಿಲ್ಲ. ನನ್ನ ವಾರದ ರಜೆಯ ದಿನ ಬೆಳಗ್ಗೆಯೇ ಮೂವರೂ ಸಜ್ಜಾಗಿ ಕೂತೆವು.

"ಹತ್ರಿ ಕಾಕಾ ಎತ್ತು."

"ಇವತ್ತು ಏನು ವಾರ?"

ನನ್ನ ರಜೆ ಸೋಮವಾರ. ಸೋಮವಾರ ಬಸವಣ್ಣನ ವಾರ. ನಮ್ಮ ಕಡೆ ಅಂದು ಎತ್ತಿನ ಹೆಗಲ ಮೇಲೆ ನೊಗ ಇಡುವುದಿಲ್ಲ ಅನ್ನುವುದು ನನಗೂ ಗೊತ್ತು, ನನ್ನಪ್ಪನೂ ಇಡುತ್ತಿರಲಿಲ್ಲ. ಆದರೆ ಟಿವಿಯೊಳಗೂ ಸೋಮವಾರ ಬರುತ್ತದೆಂದು ಯಾರಿಗೆ ಗೊತ್ತಿತ್ತು?

"ಕಾಕಾ, ಅದು ಚಿತ್ರದ ಎತ್ತು ಐತ್ರಿ."

"ಗೋಡಿಮ್ಯಾಲಿನ ಬಸವಣ್ಣನೂ ಚಿತ್ರಾನ. ಅದರ ಮ್ಯಾಲ ಹತ್ತಿ ಕುಂದರ್ತೀರೇನು?"

ನಡೆದೇ ಹೊರಟೆವು. ಎತ್ತು ಹಿಂದೆ ಆರಾಮವಾಗಿ ಬಂತು. "ಕೈ ಕೆಸರಾದ್ರ ಬಾಯಿ ಮೊಸರು" ಎಂದು ಅವ್ವಾರು ಧೈರ್ಯ ಹೇಳಿದರು. ನಮಗೆ ಸೊಂಟದ ತನಕ ಕೆಸರಾಯಿತು, ಮೊಸರು ಮಾತ್ರ ಎಲ್ಲೂ ಕಾಣಲಿಲ್ಲ. ನಾನು ಸತ್ತೆ, ಅವ್ವಾರು ಎಬ್ಬಿಸಿದರು. ಕಾಕಾ ಸತ್ತರು, ಎಬ್ಬಿಸಿದರು. ಮತ್ತೆ ನಾನು ಸತ್ತೆ. ದಾಟುವಷ್ಟರಲ್ಲಿ ಇಡೀ ರಜೆ ಕೆಸರಿನಲ್ಲೇ ಮುಗಿದಿತ್ತು. ಸಿಟ್ಟು ತಡೆಯದೆ ಕಾಕಾನಿಗೆ ಬೈದುಬಿಟ್ಟೆ.

ಕಾಕಾ ಶಾಂತವಾಗಿ ಹೇಳಿದರು: "ಸತ್ತವ್ರು ಇದರಾಗ ಮತ್ತ ಹುಟ್ಟತಾರ ಅಂತ ನೀವ ಹೇಳೀರಿ. ಸೋಮಾರ ಎತ್ತು ಹೂಡಿದ ಪಾಪ ಎಲ್ಲಿ ತೊಳೀಬೇಕು, ಅದನ್ನೂ ಹೇಳ್ರಿ."

ಉಪಾಯ ೫: ಶಕ್ತಿ ಬೆಳೆಸಿಕೊಂಡು ಕೋಟೆಯೊಳಗೆ ಹೋಗಿ

ಕೋಟೆಯ ಬಾಗಿಲು ತೆರೆಯಲು ಬೇಕಾದ ಮೂವರೂ ಈಗ ಇದ್ದರು. ಒಳಗೆ ಹೋದರೆ ಒಂದೆರಡು ದಿನದ ಕೆಲಸ. ಆಗ ನನಗೊಂದು ಹೆದರಿಕೆ ಹೊಕ್ಕಿತು. ಆಟ ಮುಗಿದರೆ ಇವರು ಯಾಕೆ ಬರುತ್ತಾರೆ? ಮತ್ತೆ ಆ ತಗಡಿನ ಸಿಪಾಯಿ, ಒಂದೇ ಕಪ್ಪು ಚಹಾ. ಈ ಸಲ ಅದನ್ನು ತಾಳುವ ಶಕ್ತಿ ನನಗಿರಲಿಲ್ಲ.

"ನಮ್ಮ ಶಕ್ತಿ ಸಾಲಂಗಿಲ್ರಿ, ಇನ್ನೂ ಬೆಳಸಬೇಕು" ಎಂದು ಇಬ್ಬರನ್ನೂ ಕೆರೆಯ ದಂಡೆಗೆ ಕರೆದುಕೊಂಡು ಹೋದೆ. ಅಲ್ಲಿನ ರಾಕ್ಷಸ ಕಪ್ಪೆಗಳನ್ನು ಹೊಡೆದರೆ ಸ್ವಲ್ಪ ಸ್ವಲ್ಪ ಶಕ್ತಿ ಏರುತ್ತದೆ. ಹೊಡೆದೆವು, ಹೊಡೆದೇ ಹೊಡೆದೆವು. ಹಬ್ಬ ಒಂದು ಬಂದು ಹೋಯಿತು. ನಮ್ಮನ್ನು ಕಂಡರೆ ಕಪ್ಪೆಗಳೇ ಓಡಿಹೋಗುವ ಮಟ್ಟಕ್ಕೆ ಬಂತು.

"ತಮ್ಮಾ, ಈ ಕಪ್ಪಿಗೋಳ ಶಾಪ ಹತ್ತೂ ಮೊದಲ ಬಿಡಪಾ" ಎಂದರು ಅವ್ವಾರು.

ಕಾಕಾ ಮೀಸೆಯಲ್ಲೇ ನಕ್ಕರು. "ಹೊಲಾ ಹದಾ ಆಗಿ ವಾರ ಆತು. ಕರೆಂಟ್ ಸರ ಇನ್ನೂ ಹರಗಾಕ ಹತ್ಯಾರ. ಬಿತ್ತಾಕ ಅವರಿಗೆ ಮನಸಿಲ್ಲ ನೋಡವಾ."

ಉಪಾಯ ೬: ಇದು ಇಂಟರ್‌ನೆಟ್ಟಿನಲ್ಲಿಲ್ಲ

ಇನ್ನು ನೆಪ ಉಳಿಯಲಿಲ್ಲ. ಒಂದು ಸಂಜೆ, ಸೋಮವಾರ ಅಲ್ಲ, ಕೋಟೆ ಹೊಕ್ಕೆವು. ರಾಕ್ಷಸ ತಾಳೆಮರದಷ್ಟು ಎತ್ತರ. ಚೀಲದಲ್ಲಿ ರೊಟ್ಟಿ ಇಲ್ಲ, ಕೊನೆಯದನ್ನು ಅವ್ವಾರು ಕೋಟೆಯ ಕಾವಲುಗಾರನಿಗೆ ಕೊಟ್ಟಿದ್ದರು. ನಾನು ಸತ್ತು ಬಿದ್ದೆ. ಕಾಕಾ ಎತ್ತಿಗೆ ಏಟು ಬೀಳದಂತೆ ಅಡ್ಡ ನಿಂತು ತಾವೇ ತಿಂದು ಸತ್ತರು. ಅವ್ವಾರೊಬ್ಬರೇ ಉಳಿದರು. ಅಷ್ಟರಲ್ಲಿ ಪಕ್ಕದ ಅಡುಗೆಮನೆಯಲ್ಲಿ ಸುಂಯ್ ಎಂದಿತು.

"ಅಯ್ಯ ಶಿವನ, ಹಾಲು!" ಎಂದು ಅವ್ವಾರು ರಿಮೋಟು ಎಸೆದು ಓಡಿದರು. ಅದು ಕಾಕಾನ ಮೊಣಕಾಲಿಗೆ ಬಡಿದು ಬೋರಲು ಬಿತ್ತು. ಯಾವ ಗುಂಡಿ ಒತ್ತಿತೋ, ನಾವು ಎಂದೂ ಕಾಣದ ಮಂತ್ರವೊಂದು ಹೊರಟು ಟಿವಿ ತುಂಬ ಬೆಳಕಾಯಿತು. ರಾಕ್ಷಸ ಬುಡಸಮೇತ ಉರುಳಿದ. ನಾವಿಬ್ಬರೂ ಎದ್ದು ಕೂತೆವು. ಹಾಲಿನ ಪಾತ್ರೆ ಹಿಡಿದು ಬಂದ ಅವ್ವಾರು, "ಸ್ವಲ್ಪ ತಡಾ ಆಗಿದ್ರ ಎಲ್ಲಾ ಹೋಗತಿತ್ತು" ಎಂದರು, ಹಾಲಿನ ಬಗ್ಗೆ.

ಆಟ ಮುಗಿಯಿತು. ಪರದೆಯ ಮೇಲೆ ಹೆಸರುಗಳ ಸಾಲು ಹರಿಯತೊಡಗಿತು.

"ಯಾರವು ಇಷ್ಟ ಹೆಸರು?"

"ಈ ಆಟಾ ಮಾಡಿದವರದ್ರಿ ಅವ್ವಾರ."

"ಇಷ್ಟ ಮಂದಿ ಕೂಡಿ ಮಾಡ್ಯಾರ. ನೀ ನೋಡಿದ್ರ ಒಬ್ಬನ ಆಡಕೋತ ಕುಂತಿದ್ದಿ."

ಹೆಸರುಗಳು ಮುಗಿದವು. ಅವ್ವಾರು ಮೂರೂ ಕಪ್ಪು ಎತ್ತಿಕೊಂಡು ತಮ್ಮ ಅಡುಗೆಮನೆಗೆ ಹೋದರು. ಕಾಕಾ ರಿಮೋಟನ್ನು ಟವೆಲಿನಿಂದ ಒರೆಸಿ, ಟಿವಿ ಮುಂದಿಟ್ಟು, ಬಾಗಿಲಿಗೆ ಹೋಗಿ ಚಪ್ಪಲಿ ಮೆಟ್ಟಿದರು. ನಾಳೆ ಬರ್ರಿ ಎನ್ನಬೇಕೆಂದರೂ ಯಾಕೆ ಎಂದು ಕೇಳಿದರೆ ಹೇಳಲು ನನ್ನಲ್ಲಿ ಏನೂ ಇರಲಿಲ್ಲ.

ಕಾಕಾ ಹೊಸ್ತಿಲಲ್ಲೇ ತಿರುಗಿ ನಿಂತರು.

"ಅಲ್ರಿ ಸರ, ಆಟಾ ಮುಗೀತು. ಎತ್ತು?"

"ಎತ್ತು ಅಲ್ಲೇ ಇರತೈತ್ರಿ, ಕೋಟ್ಯಾಗ."

"ಇರತೈತಿ ಖರೆ. ನಾಳೆ ಮೇವು ಯಾರ ಹಾಕ್ತಾರ?"

ಆ ಎತ್ತಿಗೆ ಹಸಿವಿಲ್ಲ, ಟಿವಿ ಆರಿಸಿದರೆ ಎತ್ತೇ ಇಲ್ಲ. ಇಷ್ಟೆಲ್ಲ ನನಗೆ ಗೊತ್ತಿತ್ತು. "ಯಾರೂ ಇಲ್ರಿ ಕಾಕಾ" ಎಂದೆ.

"ಹಂಗ ಬಿಡಾಕ ಬರತೈತೇನ್ರಿ? ಸಂಜಿಗೆ ನಾ ದಿನಾ ಬಂದು ಹಾಕಿ ಹೋಗ್ತೀನಿ" ಎಂದರು ಕಾಕಾ. ಒಳಗಿನಿಂದ ಅವ್ವಾರು, "ಹಂಗಾರ ನಾಳೆ ಹಾಲು ಹೆಚ್ಚಿಗಿ ತರಸ್ತೀನಿ" ಎಂದು ಕೂಗಿದರು.

ನನಗೆ ಇನ್ನೂ ನಂಬಿಕೆ ಬರಲಿಲ್ಲ. ಓಣಿಗೆ ಇಳಿದಿದ್ದ ಕಾಕಾನನ್ನು ನಿಲ್ಲಿಸಿ ಕೇಳಿದೆ: "ಕಾಕಾ, ಸೋಮಾರ? ಸೋಮಾರನೂ ಬರ್ತೀರೇನ್ರಿ?"

ಕಾಕಾ ನನ್ನನ್ನು, ಎತ್ತಿಗೆ ಸುಳಿ ಇಡಲು ಮರೆತ ಆ ಆಟ ಮಾಡಿದವನನ್ನು ನೋಡುವಂತೆ ನೋಡಿದರು.

"ಸೋಮಾರ ರಜಾ ಇರೂದು ಹೂಡಾಕರಿ ಸರ. ತಿನ್ನಾಕಲ್ಲ."