ಐರ್ಲೆಂಡಿನ ಪಿಟೀಲಿನವನೂ ಸಿರಸಂಗಿಯ ಅಜ್ಜನೂ

ಹಾರ್ಮೋನಿಯಂ ರಿಪೇರಿ ಮಾಡುವವನಿಗೆ ಬರೀ ಹಾರ್ಮೋನಿಯಂಗಳು ಗಂಟು ಬೀಳುತ್ತವೆ ಎಂದು ತಿಳಿದವರು ಬೈಲಹೊಂಗಲದ ನನ್ನ ಅಂಗಡಿಯಲ್ಲಿ ಒಂದು ದಿನ ಕೂತು ನೋಡಬೇಕು. ಪೆಟ್ಟಿಗೆಯ ಜೊತೆ ಅದರ ಊರಿನ ಜಗಳ, ಅದರ ಭಜನಾ ಮಂಡಳಿಯ ರಾಜಕೀಯ, ಅದರ ಮಾಲೀಕನ ಮಂಡಿನೋವು ಎಲ್ಲವೂ ಬರುತ್ತವೆ. ನನಗೋ ಕೆದಕಿ ಕೇಳುವ ಚಟ. ಸ್ವರ ಯಾಕೆ ಕೆಟ್ಟಿತು ಎಂದು ಶುರು ಮಾಡಿ, ಸೊಸೆ ಯಾಕೆ ತವರಿಗೆ ಹೋದಳು ಎಂಬಲ್ಲಿಗೆ ಹೋಗಿ ಮುಟ್ಟುತ್ತೇನೆ. ಹೀಗಾಗಿ ಇಂಥವು ನನಗೆ ಆಗುತ್ತಲೇ ಇರುತ್ತವೆ. ಹೋದ ವರ್ಷ ಮಾತ್ರ ಸ್ವಲ್ಪ ಅತಿಯಾಯಿತು. ಒಂದು ಪಿಟೀಲು ರಿಪೇರಿಗೆ ಬಂತು, ಅದರ ಬೆನ್ನಿಗೆ ಐರ್ಲೆಂಡ್ ದೇಶ ಬಂತು.

ಧೋತರದಲ್ಲಿ ಸುತ್ತಿದ್ದು

ಸಿರಸಂಗಿಯಿಂದ ಒಬ್ಬ ಹೆಣ್ಣುಮಗಳು ಮಧ್ಯಾಹ್ನದ ಬಸ್ಸಿಗೆ ಬಂದಳು. ಕಂಕುಳಲ್ಲಿ ಹಳೆಯ ಧೋತರದಲ್ಲಿ ಸುತ್ತಿದ ಪಿಟೀಲು. ಅದು ಅವಳ ಮಾವನದು. ಅಜ್ಜ ಕಸುಬಿನಿಂದ ಬಡಿಗ, ಆದರೆ ನಲವತ್ತು ವರ್ಷ ಸುತ್ತಲಿನ ಬಯಲಾಟ, ಭಜನೆಗಳಲ್ಲಿ ಹಾಡುವವರ ಜೊತೆ ಪಿಟೀಲು ಬಾರಿಸಿದವನು. ಮಂಡಳಿಗೆ ಕೀಬೋರ್ಡ್ ಬಂದ ಮೇಲೆ ಅವನನ್ನು ಕರೆಯುವುದು ನಿಂತಿತ್ತು.

"ಬಡಿಗ್ಯಾರ ಮನಿಯವರು ಕಟಗಿ ಸಾಮಾನು ನನ್ನ ಕಡೆ ತಂದೀರಲ್ಲವಾ?" ಎಂದೆ.

"ಊರಾಗಿನ ಎಲ್ಲಾರ ಬಾಗಲಾ ಚಲೋ ಮಾಡ್ತಾರ್ರಿ. ಇದನ್ನಷ್ಟ ಮುಟ್ಟಂಗಿಲ್ಲ. ಸುಮ್ಮ ಗ್ವಾಡಿಗೆ ತೂಗು ಹಾಕ್ಯಾರ."

ಆಮೇಲೆ ದನಿ ಇಳಿಸಿ ನಿಜವಾದ ವಿಷಯ ಹೇಳಿದಳು. ಅಜ್ಜ ಹರೆಯದಲ್ಲಿ ತಾನೇ ಕಟ್ಟಿದ ಒಂದು ಧಾಟಿ ಇದೆ. ಅವನನ್ನು ಬಿಟ್ಟರೆ ಅದು ಯಾರಿಗೂ ಬರುವುದಿಲ್ಲ. ಎಡಗೈ ಬೆರಳುಗಳು ದಿನದಿನಕ್ಕೆ ಸೆಟೆದುಕೊಳ್ಳುತ್ತಿವೆ. ಅವು ಪೂರ್ತಿ ನಿಲ್ಲುವ ಮೊದಲು ಒಮ್ಮೆಯಾದರೂ ಅಜ್ಜ ಅದನ್ನು ಬಾರಿಸಬೇಕು, ಅದನ್ನು ಫೋನಿನಲ್ಲಿ ಹಿಡಿದಿಟ್ಟುಕೊಳ್ಳಬೇಕು. ಹೊಸದಾಗಿ ಮದುವೆಯಾಗಿ ಬಂದಾಗ ಬಾಗಿಲ ಹಿಂದೆ ನಿಂತು ಅದನ್ನು ಕೇಳಿದ್ದಳಂತೆ. ಹೇಳುವಾಗ ಕಣ್ಣಂಚು ಒದ್ದೆಯಾಯಿತು.

"ಮಾವನ ಮ್ಯಾಲೆ ಭಾಳ ಜೀವ ನಿಂಗ," ಎಂದೆ.

"ಅದೂ ಐತ್ರಿ. ಮತ್ತ ಬಾರಸೂದು ಬಿಟ್ಟಾಗಿಂದ ಮಾತಾಡಾಕ ಹತ್ಯಾರ. ನಲವತ್ತು ವರ್ಷ ಆಡದ ಇಟಗೊಂಡಿದ್ದನ್ನ ಈಗ ಒಮ್ಮಿಗೇ ಹೊರಗ ತಗ್ಯಾಕತ್ತಾರ್ರಿ!"

ಅಡುಗೆಮನೆಯ ಗಂಡಸು

ನಿಜ ಹೇಳಬೇಕೆಂದರೆ ಪಿಟೀಲು ರಿಪೇರಿ ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದು ಗಿರಾಕಿಗೆ ಹೇಳುವ ರೂಢಿಯೂ ಇರಲಿಲ್ಲ. ತಂತಿ ಹೊರುವ ಕಟ್ಟಿಗೆಯ ಕುದುರೆಯನ್ನು ಹೇಗೆ ನಿಲ್ಲಿಸುವುದು ಎಂದು ಫೋನಿನಲ್ಲಿ ಹುಡುಕಿದೆ. ಪರದೆಯ ಮೇಲೆ ಒಬ್ಬ ಮುದುಕ ಬಂದ. ಕಪ್ಪುಬಿಳುಪು ಚಿತ್ರ. ಅಡುಗೆಮನೆಯಲ್ಲಿ ಕುರ್ಚಿಯ ಮೇಲೆ ಕೂತು, ತಲೆಗೆ ಟೊಪ್ಪಿಗೆ ಹಾಕಿಕೊಂಡು, ಪಿಟೀಲನ್ನು ಎದೆಗೆ ಒತ್ತಿ ಬಾರಿಸುತ್ತಿದ್ದ. ಹಿಂದೆ ಗಡಿಯಾರ ಟಿಕ್‌ಟಿಕ್ ಅನ್ನುತ್ತಿತ್ತು, ಎಲ್ಲೋ ನಾಯಿ ಬೊಗಳುತ್ತಿತ್ತು. ಒಂದು ಕೇಳಿದೆ, ಎರಡು ಕೇಳಿದೆ. ಹತ್ತನೆಯದಕ್ಕೆ ಬರುವಷ್ಟರಲ್ಲಿ ನನ್ನ ಹೆಬ್ಬೆರಳು ಕಟ್ಟಿಗೆ ಅಂಟಿಸುವ ಸರೇಸಿಗೆ ಅಂಟಿ ಒಣಗಿತ್ತು.

ಯಾರೀತ? ಏನು ಉಣ್ಣುತ್ತಿದ್ದ? ಪಿಟೀಲು ಕಲಿಸಿದವರು ಯಾರು? ಫೋನಿನಿಂದಲೇ ಕನ್ನಡ ಮಾಡಿಸಿಕೊಂಡು ಓದಿದೆ. ಐರ್ಲೆಂಡಿನ ಒಂದು ಹಳ್ಳಿಯವನು. ಎರಡು ಆಕಳು, ಒಂದಿಷ್ಟು ಬಟಾಟೆಯ ಹೊಲ. ಕೂಲಿಗೆಂದು ಪರದೇಶಕ್ಕೆ ಹೋಗಿ ವರ್ಷಾನುಗಟ್ಟಲೆ ಗೋಡೆ ಕಟ್ಟಿದ. ಆಗ ಪಿಟೀಲು ಮುಟ್ಟಲೇ ಇಲ್ಲ. ಮುಪ್ಪಿನಲ್ಲಿ ಊರಿಗೆ ಮರಳಿ, ನೆರೆಮನೆಯವರ ಪಿಟೀಲು ಕೇಳಿ ತಂದು ಮತ್ತೆ ಬಾರಿಸಿದ. ಯಾರೋ ಪುಣ್ಯಾತ್ಮರು ರೆಕಾರ್ಡಿಂಗ್ ಯಂತ್ರ ಹೊತ್ತುಕೊಂಡು ಅವನ ಅಡುಗೆಮನೆಗೇ ಹೋದರು. ಓದುತ್ತ ಓದುತ್ತ ಆತ ನನಗೆ ದೂರದ ಸಂಬಂಧಿಯೇ ಆಗಿಬಿಟ್ಟ.

ರಾತ್ರಿ ಊಟಕ್ಕೆ ಕೂತಾಗ ಹೆಂಡತಿಗೆ ತೋರಿಸಿದೆ. ಆಕೆ ಪಿಟೀಲು ನೋಡಲಿಲ್ಲ, ಅಡುಗೆಮನೆ ನೋಡಿದಳು.

"ಇವನ ಹೆಂಡ್ತಿ ಎಲ್ಲಿ ಅದಾಳ್ರಿ?"

"ಮದಿವಿ ಆಗಿದ್ದಿಲ್ಲಂತ."

"ಅದಕ್ಕ ಮತ್ತ," ಎಂದು ರೊಟ್ಟಿ ಬಡಿಸಿದಳು, "ಇಷ್ಟೊತ್ತನಕ ಬಾರಸಾಕ ಬಿಟ್ಟಾರ."

ಕಾಲಿನ ಕೆಲಸ

ರಿಪೇರಿ ಮುಗಿಸಿ ನಾನೇ ಸಿರಸಂಗಿಗೆ ಒಯ್ದೆ. ಕಳಿಸಿಕೊಡಬಹುದಿತ್ತು. ಆದರೆ ಅಜ್ಜನನ್ನು ನೋಡದಿದ್ದರೆ ನನಗೆ ನಿದ್ದೆ ಬರುವುದಿಲ್ಲ.

ಅಜ್ಜ ಪಿಟೀಲನ್ನು ತಿರುಗಿಸಿ ಮುರುಗಿಸಿ ನೋಡಿದ. "ಸರೇಸ ಜಾಸ್ತಿ ಹಾಕೀದಿ," ಎಂದ. ಅಷ್ಟೇ. ಬಾರಿಸಲಿಲ್ಲ. ಅವನಿಗೆ ಹುರುಪು ಬರಲಿ ಎಂದು ಐರ್ಲೆಂಡಿನ ಮುದುಕನನ್ನು ಫೋನಿನಲ್ಲಿ ಹಚ್ಚಿ ಮುಂದೆ ಹಿಡಿದೆ. ಅಜ್ಜ ಉಸಿರು ಬಿಗಿಹಿಡಿದು ನೋಡಿದ.

"ಹೇಳಿದ್ದನ್ನ ಮತ್ತ ಮತ್ತ ಹೇಳಾಕತ್ತಾನ. ವಯಸ್ಸಾಗೇತಿ, ಪಾಪ."

"ಅದು ಅವರ ಪದ್ಧತಿ ಅಂತ್ರಿ ಅಜ್ಜಾರ. ಒಂದ ಧಾಟಿ ಮೂರು ಸಲ."

"ಹೂಂ. ಕೈ ಮಾತ್ರ ಖರೇ ಐತಿ," ಎಂದು ಒಪ್ಪಿಕೊಂಡ. ಆಮೇಲೆ ಮುಖ ಫೋನಿಗೆ ತೀರ ಹತ್ತಿರ ತಂದ. ಆ ಮುದುಕ ಒಂದು ಕಾಲಿನಿಂದ ನೆಲ ಬಡಿದು ತಾಳ ಹಾಕುತ್ತಿದ್ದ. ಇದು ಯಾಕೆ ಎಂದು ನಾನೂ ಬಹಳ ದಿನದಿಂದ ತಲೆ ಕೆಡಿಸಿಕೊಂಡಿದ್ದೆ. ಅಜ್ಜನಿಗೆ ಎರಡು ನಿಮಿಷವೂ ಬೇಕಾಗಲಿಲ್ಲ.

"ನಾವು ನೆಲದ ಮ್ಯಾಲೆ ಕುಂತು ಪಿಟೀಲಿನ ತಲಿ ಕಾಲಿನ ಮ್ಯಾಲೆ ಇಡತೇವಿ. ಕಾಲಿಗೆ ಹಿಡಕೊಳ್ಳೂ ಕೆಲಸ ಐತಿ. ಇಂವ ಕುರ್ಚಿ ಮ್ಯಾಲೆ ಕುಂತಾನ. ಕಾಲಿಗೆ ಉದ್ಯೋಗ ಇಲ್ಲ, ದಾಂಧಲೆ ಮಾಡಾಕತ್ತೈತಿ."

ಸಾಲಹಳ್ಳಿಯ ತಗಾದೆ

"ನಿಮ್ಮ ಧಾಟಿ ಒಮ್ಮಿ ಬಾರಸ್ರಿ ಅಜ್ಜಾರ," ಎಂದು ಕೈ ಮುಗಿದೆ.

"ಅದು ಹಂಗ ಸುಮ್ಮ ಸುಮ್ಮನ ಬಾರಸೂದಲ್ಲ," ಎಂದ. ಬೇರೆ ಏನಾದರೂ ಬಾರಿಸಿ ಎಂದರೆ, "ಹಾಡವರು ಎಲ್ಲಿ ಅದಾರ? ನಾ ನಲವತ್ತು ವರ್ಷ ಹಾಡವರ ಹಿಂದ ಹೋದಾಂವ. ಮುಂದ ಯಾರೂ ಇಲ್ದ ಎಲ್ಲಿಗಂತ ಹೋಗ್ಲಿ?" ಎಂದ. ಸೊಸೆ ಹಣೆ ಚಚ್ಚಿಕೊಂಡಳು.

ಹಾಡುವವರು ಬೇಕಾದರೆ ತರೋಣ ಎಂದು ಸವದತ್ತಿಗೆ ಬಂದು, ಬಸ್ಸು ಬದಲಿಸಿ, ರಾಮದುರ್ಗದ ಆಚೆ ಸಾಲಹಳ್ಳಿಗೆ ಹೋದೆ. ಅಲ್ಲಿನ ಭಜನಾ ಮಾಸ್ತರರು ಹಿಂದೆ ಅಜ್ಜನ ಜೊತೆ ಬಹಳ ಹಾಡಿದವರು. ಸುಮ್ಮನೆ ವಿಷಯಕ್ಕೆ ಬರಬಹುದಿತ್ತು. ನನ್ನ ಚಟ ಬಿಡಬೇಕಲ್ಲ, ಮೊದಲು ಐರ್ಲೆಂಡಿನವನನ್ನು ಕೇಳಿಸಿದೆ.

ಮಾಸ್ತರರು ಕಣ್ಣು ಮುಚ್ಚಿ ಕೇಳಿದರು. ಕಣ್ಣು ತೆರೆದಾಗ ಮುಖ ಕೆಂಪಾಗಿತ್ತು.

"ಇದು ನಮ್ಮ ಮುತ್ಯಾನ ಧಾಟಿ."

"ಇಲ್ರಿ, ಇವರು ಐರ್ಲೆಂಡ್ ದೇಶದವರು."

"ಎಲ್ಲಿಯವನರೆ ಇರ್ಲಿ. ನಮ್ಮ ಮುತ್ಯಾ ಇದಕ್ಕ ಹಿಂಗ ಹಾಡತಿದ್ದ," ಎಂದು ಒಂದು ಪದ ಎತ್ತಿಕೊಂಡರು. ಆಶ್ಚರ್ಯ, ಎಳೆದು ಜಗ್ಗಿದರೆ ಕೂಡುತ್ತಿತ್ತು! "ಇಂವ ಈ ಕಡೆ ಯಾವಾಗ ಬಂದಿದ್ದಾ ಅದನ್ನ ಕೇಳ್ರಿ."

"ಬಂದಾ ಇಲ್ಲಂತ್ರಿ."

"ನೋಡ್ರಿ ಮತ್ತ! ಬಂದಿದ್ರ ಕೇಳಿ ಕಲತಾನ ಅನಬಹುದಿತ್ತು. ಬರದನ ಒಯ್ದಾನ ಅಂದ್ರ ಎಂಥಾ ಕಳ್ಳ ಇರಬೇಕು!"

ಅಂತೂ ಸಮಾಧಾನ ಮಾಡಿ, ಒಂದು ಸಲ ಸಿರಸಂಗಿಗೆ ಬಂದು ಹಾಡಿ ಎಂದು ಕೇಳಿಕೊಂಡೆ. ಮಾಸ್ತರರು ಜಾರಿಕೊಂಡರು.

"ಅಜ್ಜ ದೇವರಂಥಾ ಮನಶ್ಯಾ. ಆದ್ರ ಅವನ ಕೂಡ ಹಾಡಾಕ ಆಗೂದಿಲ್ರಿ. ಹಾಡಾಂವ ಹೆಂಗ ಹೋದ್ರ ಹಂಗ ಬರತಾನ. ನಾ ತಪ್ಪಿದ್ನೋ, ಅದ ಜಾಗಾದಾಗ ಅಷ್ಟ ತಪ್ಪು ಬಾರಸ್ತಾನ. ನಂದೊಂದು ತಪ್ಪು ಜನಕ್ಕ ಎರಡು ಸಲ ಕೇಳಸತೈತಿ."

ನಾನು ಹಾಡಿದ್ದು

ಕಡೆಗೆ ನಾನೇ ಹಾಡುವುದೆಂದು ನಿಶ್ಚಯವಾಯಿತು. ಸ್ವರ ಹಚ್ಚುವ ಕಸುಬಿನವನಿಗೆ ಹಾಡಲು ಬರುತ್ತದೆ ಎಂದು ಸೊಸೆ ನಂಬಿದ್ದಳು. ಚಿಕ್ಕಂದಿನಲ್ಲಿ ನೇಸರಗಿಯ ನಮ್ಮ ಸೋದರಮಾವನ ಮನೆಯಲ್ಲಿ ನಾನು ಹಾಡಿದರೆ ಎಮ್ಮೆ ಹಾಲು ಕೊಡುತ್ತಿರಲಿಲ್ಲ ಎಂಬುದನ್ನು ನಾನು ಬಾಯಿ ಬಿಡಲಿಲ್ಲ.

ಐರ್ಲೆಂಡಿನವನ ಹಾಗೆ ಅಜ್ಜನ ಮನೆಯ ಅಡುಗೆಮನೆಯಲ್ಲೇ ಕೂತೆವು. ಸೊಸೆ ಫೋನು ಹಿಡಿದಳು. ಅಜ್ಜ ಒಲೆಯ ಮೇಲಿನ ಕುಕ್ಕರ್ ಸೀಟಿ ಹಾಕುವವರೆಗೆ ಕಾದು, ಅದರ ಸ್ವರಕ್ಕೇ ತಂತಿ ಕೂಡಿಸಿಕೊಂಡ. ನಾನು ಕಣ್ಣು ಮುಚ್ಚಿ ಶುರು ಮಾಡಿದೆ. ಮಾಸ್ತರರು ಹೇಳಿದ್ದು ಸುಳ್ಳಲ್ಲ. ನಾನು ಎಲ್ಲೆಲ್ಲಿ ಎಡವಿದೆನೋ ಅಲ್ಲಲ್ಲಿ ಅಜ್ಜ ಗೌರವದಿಂದ ಎಡವಿದ. ನಾನು ಕೆಮ್ಮಿದಾಗ ಪಿಟೀಲಿನಲ್ಲಿ ಕೆಮ್ಮಿದ. ನೆರೆಮನೆಯವರು ನಾಲ್ಕು ಜನ ಬಂದು ಬಾಗಿಲಲ್ಲಿ ಕೂತು, ರೂಢಿಯಂತೆ "ಭಲೇ, ಭಲೇ" ಅಂದರು, ನಾನು ನಿಲ್ಲಿಸಿದಾಗ.

ರೆಕಾರ್ಡಿಂಗ್ ಕೇಳಿ ಸೊಸೆ ನಗಬೇಕೋ ಅಳಬೇಕೋ ತಿಳಿಯದೆ ಕೂತಳು. ಅಜ್ಜ ಮಾತ್ರ ಹಗುರಾಗಿದ್ದ. "ಭಾಳ ದಿನದ ಮ್ಯಾಲೆ ಕೆಲಸ ಸಿಕ್ಕಿತು ನೋಡು ತಮ್ಮಾ," ಎಂದ. "ಚಲೋ ಹಾಡವರ ಹಿಂದ ಯಾರ ಬೇಕಾದ್ರೂ ಹೋಗತಾರ."

ಮುಂದಿನವನು ಕೈಕೊಟ್ಟಾಗ

ಮುಂದಿನ ವಾರ ನನಗೊಂದು ಉಪಾಯ ಹೊಳೆಯಿತು. ಅಜ್ಜನಿಗೆ ಮುಂದೆ ಒಬ್ಬರು ಬೇಕು, ಅಷ್ಟೇ ತಾನೇ? ಐರ್ಲೆಂಡಿನವನನ್ನೇ ಮುಂದೆ ಕೂರಿಸೋಣ. ಹೀಗೆ ಕೈ ಸಾಗಿದರೆ ಮುಂದೆ ಎಂದಾದರೂ ಸ್ವಂತ ಧಾಟಿಗೂ ಮನಸ್ಸು ಮಾಡಿಯಾನು ಎಂಬ ಆಸೆ. ನನ್ನ ಫೋನನ್ನು ಅಡುಗೆಮನೆಯ ಮಣೆಯ ಮೇಲೆ ನಿಲ್ಲಿಸಿದೆ. ಸೊಸೆ ತನ್ನ ಫೋನಿನಲ್ಲಿ ರೆಕಾರ್ಡಿಂಗ್ ಶುರು ಮಾಡಿದಳು.

ಐರ್ಲೆಂಡಿನವನು ಎತ್ತಿಕೊಂಡ. ಅಜ್ಜ ಮೊದಲ ಸುತ್ತು ಸುಮ್ಮನೆ ಕೇಳಿದ, ಎರಡನೆಯ ಸುತ್ತಿನಲ್ಲಿ ಸಾಲಿನ ತುದಿಗಳನ್ನಷ್ಟೇ ಹಿಡಿದ, ಮೂರನೆಯ ಸುತ್ತಿಗೆ ಅವನ ಹೆಗಲಿಗೆ ಹೆಗಲು ಕೊಟ್ಟು ಹೊರಟೇಬಿಟ್ಟ. ನಡುವೆ ಟ್ರ್ಯಾಕ್ಟರಿನ ಜಾಹೀರಾತು ಬಂತು. ಅಜ್ಜ ಅದರ ಹಿಂದೆಯೂ ಹೋಗಿ, ಟ್ರ್ಯಾಕ್ಟರನ್ನು ಹೊಲದವರೆಗೆ ಮುಟ್ಟಿಸಿ ಬಂದ. ಮತ್ತೊಂದು ಧಾಟಿ ಶುರುವಾಯಿತು. ಇಬ್ಬರು ಮುದುಕರೂ ಕೂಡಿ ಭರದಿಂದ ಹೊರಟಿದ್ದಾಗ ನನ್ನ ಫೋನಿನ ಚಾರ್ಜ್ ಮುಗಿದು ಪರದೆ ಕಪ್ಪಾಯಿತು.

ನಾನು ಅಯ್ಯೋ ಎಂದು ಕೈ ಚಾಚಿದೆ. ಸೊಸೆ ನನ್ನ ಮಣಿಕಟ್ಟು ಹಿಡಿದುಕೊಂಡಳು. ಅಜ್ಜನ ಕಮಾನು ನಿಂತಿರಲಿಲ್ಲ. ಕಣ್ಣು ಮುಚ್ಚಿಯೇ ಇತ್ತು. ಅರೆಗಳಿಗೆ ಒಂದೇ ಸ್ವರವನ್ನು ಹಿಡಿದು ಕಾದ, ಆಮೇಲೆ ಬೇರೇನೋ ಶುರುವಾಯಿತು. ಅದು ಐರ್ಲೆಂಡಿನದಲ್ಲ, ಯಾವ ಭಜನೆಯದೂ ಅಲ್ಲ. ಸೊಸೆ ನನ್ನ ಕಡೆ ನೋಡಿ, ದನಿಯಿಲ್ಲದೆ ತುಟಿಯಲ್ಲೇ "ಅದ ಧಾಟಿ" ಎಂದಳು. ಒಂದು ಬೆರಳು ಮಣಿಯುತ್ತಿರಲಿಲ್ಲ. ಅದು ಮುಟ್ಟಬೇಕಾದ ಜಾಗದಲ್ಲೆಲ್ಲ ಅಜ್ಜ ಸುತ್ತು ಹಾಕಿ ದಾರಿ ಮಾಡಿಕೊಂಡು ಹೋದ. ಎಷ್ಟು ಹೊತ್ತಾಯಿತೋ ತಿಳಿಯದು. ಜೀವಮಾನದಲ್ಲಿ ಮೊದಲ ಸಲ ನನಗೆ ಏನನ್ನೂ ಕೇಳಬೇಕೆನಿಸಲಿಲ್ಲ. ಸಂತೋಷಕ್ಕೆ ಎದೆ ತುಂಬಿ ಕೂತಿದ್ದೆ.

ಮುಗಿಸಿ, ಕಣ್ಣು ತೆರೆಯದೆಯೇ ಅಜ್ಜ ಕೇಳಿದ, "ಬಂದಾನೇನು?"

"ಯಾರ್ರಿ ಅಜ್ಜಾರ?"

"ಆ ಹಿರ್ಯಾ. ನಡುವ ಎದ್ದು ಹೋದನಲ್ಲ."

"ಇಲ್ರಿ, ಬಂದಿಲ್ಲ."

"ಹಿಂದಕ ಕಿತ್ತೂರಾಗ ಆಟ ನಡದಾಗ ರಾಜನ ಪಾರ್ಟಿನಾಂವ ಚಾ ಕುಡ್ಯಾಕ ಹೋಗಿ ತಾಸು ಹೊತ್ತು ಬರಲಿಲ್ಲ. ಜನಾ ಎದ್ದು ಹೊಂಟಿದ್ರು. ಅವರನ್ನ ಕುಂದರಸಾಕ ಆವಾಗ ಕಟ್ಟಿದ್ದು ಇದು. ಮುಂದಿನಾಂವ ಕೈ ಕೊಟ್ಟಾಗ ಅವನ ಮಾನ ಉಳಸಾಕ ಬಾರಸೂದು. ಎಲ್ಲಾರೂ ಜಾಗಾದಾಗ ಕುಂತಿರುವಾಗ ಇದರ ಗರಜು ಏನೈತಿ?"

ಆಮೇಲೆ ಸಿಟ್ಟು ಬಂತು. "ಅಷ್ಟು ರೆಕಾರ್ಡ್ ಆದ ಮನಶ್ಯಾ, ಹಿಂಗ ಅರ್ಧಕ್ಕ ಬಿಟ್ಟು ಹೋಗೂದೇನು? ನಾ ಇದ್ದೆ, ಸಂಬಾಳಿಸಿದೆ. ಒಂದು ಫೋನ್ ಹಚ್ಚು ಅವಂಗ. ಸಿರಸಂಗಿಯವರು ನಿನ್ನ ಮರ್ಯಾದಿ ಉಳಸ್ಯಾರ ಅಂತ ಹೇಳು."

ಇನ್ನು ಮುಚ್ಚಿಡುವಂತಿರಲಿಲ್ಲ. "ಅಜ್ಜಾರ, ಅವರು ತೀರಿಕೊಂಡು ಭಾಳ ವರ್ಷ ಆತ್ರಿ," ಎಂದೆ.

ಅಜ್ಜ ಕಣ್ಣು ತೆರೆದ. ಕಮಾನನ್ನು ತೊಡೆಯ ಮೇಲಿಟ್ಟು, ಮಣೆಯ ಮೇಲಿನ ಕಪ್ಪು ಫೋನನ್ನು ನೋಡಿದ.

"ಹೌದಾ? ಹಂಗಾದ್ರ ನಡುವ ಎದ್ದು ಹೋಗಿದ್ದು ಅವನ ತಪ್ಪಲ್ಲ ಬಿಡು," ಎಂದ. ಮತ್ತೆ ಕಮಾನು ಎತ್ತಿಕೊಂಡು ನನ್ನನ್ನೇ ಗದರಿದ, "ಅಂವ ಬರೂದಿಲ್ಲ ಅಂದ್ರ ಉಳಿದ ಆಟ ನಾನ ಮುಗಸಬೇಕಾತಲ್ಲೋ! ಮೊದಲ ಹೇಳಬಾರದೇನು? ಚಾ ಕುಡದು ಕುಂದರತಿದ್ದೆ."